ಎಂಟು ಜಂಕ್ಷನ್, ಒಂದು ಟ್ರಾನ್ಸಿಸ್ಟರ್: ಮೊದಲ ಗಿಟಾರ್ ಪೆಡಲ್ ನಾವೇ ಕಟ್ಟೋದು ಹೇಗೆ?

(ಇದು ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದೇವೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇವೆ.)

ಇವತ್ತು ಸ್ವಲ್ಪ ವಿಚಿತ್ರವಾದ ಕೆಲಸಕ್ಕೆ ಕೈಹಾಕಿದ್ದೀನಿ. ಒಂದು ಎಲೆಕ್ಟ್ರಾನಿಕ್ ಸರ್ಕ್ಯೂಟನ್ನ ಚಿತ್ರವೇ ಇಲ್ಲದೆ, ಬರೀ ಬಾಯಿಮಾತಲ್ಲಿ ಹೇಳಿ ನಿಮ್ಮ ಕೈಯಲ್ಲಿ ಕಟ್ಟಿಸಬೇಕು. ಬಸ್ಸಲ್ಲಿ ಕೇಳ್ತಿದ್ರೆ ಈಗ ಸುಮ್ಮನೆ ಕೇಳಿಸ್ಕೊಳ್ಳಿ. ಮನೆಗೆ ಹೋದ ಮೇಲೆ ಹಾಳೆ, ಪೆನ್ಸಿಲ್ ಇಟ್ಕೊಂಡು ಈ ಬರಹ ತೆಗೆದು ನೋಡಿ.

ವಿಷಯ ಗಿಟಾರ್ ಪೆಡಲ್. ಎಲೆಕ್ಟ್ರಿಕ್ ಗಿಟಾರ್ ನುಡಿಸೋರ ಕಾಲ ಬಳಿ ಸಾಲಾಗಿ ಬಣ್ಣಬಣ್ಣದ ಪುಟ್ಟ ಡಬ್ಬಿಗಳು ಇರ್ತಾವಲ್ಲ, ಅವು. ಅಂಗಡಿಯಲ್ಲಿ ಒಂದೊಂದಕ್ಕೂ ಸಾವಿರಗಟ್ಟಲೆ ರೂಪಾಯಿ. ಕೆಲವನ್ನ ಬಿಚ್ಚಿ ನೋಡಿದ್ರೆ ಒಳಗೆ ಇರೋದು ನಾಲ್ಕು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ಟ್ರಾನ್ಸಿಸ್ಟರ್, ಅಷ್ಟೇ.

ಹಾಗಂತ ದುಡ್ಡು ಉಳಿಸೋಕೆ ಪೆಡಲ್ ಕಟ್ಟಿ ಅಂತ ನಾನು ಹೇಳಲ್ಲ. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ತಂತಿ, ಕಟ್ಟರ್ ಎಲ್ಲ ಲೆಕ್ಕ ಹಾಕಿದ್ರೆ ಮೊದಲನೇ ಪೆಡಲ್ ಅಗ್ಗ ಆಗೋದೇ ಇಲ್ಲ. ಅಗ್ಗ ಆಗೋದು ಎರಡನೇದು. ನಾನು ಕಟ್ಟಿ ಅನ್ನೋದು ಬೇರೆ ಕಾರಣಕ್ಕೆ: ಕಾಲೇಜ್ ಫೆಸ್ಟಿನ ಸಂಜೆ ಪೆಡಲ್ ಇದ್ದಕ್ಕಿದ್ದಂತೆ ಮೂಕ ಆಯ್ತು ಅಂದ್ರೆ, ಕಟ್ಟಿದವನಿಗೆ ಎಲ್ಲಿ ನೋಡ್ಬೇಕು ಅಂತ ಗೊತ್ತಿರುತ್ತೆ. ಕೊಂಡವನು ಕೇಬಲ್ ಅಲ್ಲಾಡಿಸ್ತಾ ನಿಂತಿರ್ತಾನೆ.

ಮೊದಲ ಸಲ ಕಟ್ಟೋರಿಗೆ ಎದುರಾಗೋದೂ ಅದೇ ಮೌನ. ವಿಡಿಯೊ ನೋಡ್ಕೊಂಡು ಎಲ್ಲ ಬೆಸುಗೆ ಹಾಕಿರ್ತಾರೆ, ಕೇಬಲ್ ಚುಚ್ಚುತ್ತಾರೆ, ತಂತಿ ಮೀಟುತ್ತಾರೆ, ಸದ್ದೇ ಇಲ್ಲ. 'ನನಗೆ ಇದೆಲ್ಲ ಆಗಿಬರಲ್ಲ' ಅಂತ ಬೋರ್ಡು ಮೇಜಿನ ಡ್ರಾಯರ್ ಸೇರುತ್ತೆ. ಎಷ್ಟೋ ಸಲ ತಪ್ಪಿರೋದು ಒಂದೇ ಒಂದು ಕಾಲು. ಅದಕ್ಕೇ ಇವತ್ತು ಕಟ್ಟೋದಕ್ಕೆ ಕೊಡೋ ಸಮಯವನ್ನೇ ಮೌನವನ್ನ ಪ್ರಶ್ನೆ ಕೇಳೋದಕ್ಕೂ ಕೊಡ್ತೀನಿ.

ಯಾವ ಸರ್ಕ್ಯೂಟು?

ನಾನು ಆರಿಸಿರೋದು ಎಲ್‌ಪಿಬಿ-1. ಲೀನಿಯರ್ ಪವರ್ ಬೂಸ್ಟರ್ ಅಂತ ಪೂರ್ತಿ ಹೆಸರು. ಮೈಕ್ ಮ್ಯಾಥ್ಯೂಸ್ 1968ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರು ಮಾಡಿದ ಎಲೆಕ್ಟ್ರೊ-ಹಾರ್ಮೊನಿಕ್ಸ್ ಕಂಪನಿಯ ಆರಂಭದ ದಿನಗಳ ಪೆಡಲ್ ಇದು. ಮ್ಯಾಥ್ಯೂಸ್ ಕೇಳಿದ್ದು ಸ್ವರ ಎಳೆದು ನಿಲ್ಲಿಸೋ ಒಂದು ಯಂತ್ರ. ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಬಾಬ್ ಮೈಯರ್ ಅದನ್ನ ಮಾಡ್ತಾ, ಗಿಟಾರಿನ ಸಣ್ಣ ಸಿಗ್ನಲ್ ಸಾಲದು ಅಂತ ಮುಂದೆ ಒಂದು ಪುಟ್ಟ ಬೂಸ್ಟರ್ ಸೇರಿಸಿದ್ರು. ಅಸಲಿಗಿಂತ ಆ ಬೂಸ್ಟರೇ ಮ್ಯಾಥ್ಯೂಸ್ ಕಣ್ಣಿಗೆ ಬಿತ್ತು. ಅಂದಹಾಗೆ ಟ್ರಾನ್ಸಿಸ್ಟರ್ ಹುಟ್ಟಿದ್ದೂ ಅದೇ ಬೆಲ್ ಲ್ಯಾಬ್ಸ್‌ನಲ್ಲಿ, 1947ರಲ್ಲಿ.

ಬೂಸ್ಟರ್ ಮಾಡೋದು ಒಂದೇ ಕೆಲಸ, ಸಿಗ್ನಲ್ಲನ್ನ ದೊಡ್ಡದು ಮಾಡೋದು. ಈ ಸರ್ಕ್ಯೂಟ್ ಸುಮಾರು ಇಪ್ಪತ್ತು ಪಟ್ಟು ಮಾಡುತ್ತೆ. ಆ್ಯಂಪ್ಲಿಫೈಯರ್ ಒಳಬಾಗಿಲಿಗೆ ಅಷ್ಟು ದೊಡ್ಡ ಸಿಗ್ನಲ್ ನುಗ್ಗಿದಾಗ ಅದು ತಡ್ಕೊಳ್ಳಲಾರದೆ ಒಡೆದ ದನಿಯಲ್ಲಿ ಕೂಗುತ್ತೆ. ರಾಕ್ ಸಂಗೀತದಲ್ಲಿ ನಾವು ಇಷ್ಟಪಡೋ ಆ ಗರಗರ ದನಿ ಅರ್ಧ ಹುಟ್ಟೋದು ಹೀಗೇನೇ.

ಟ್ರಾನ್ಸಿಸ್ಟರ್ ಇದನ್ನ ಹೇಗೆ ಮಾಡುತ್ತೆ? ಊರ ಕೆರೆಯ ತೂಬು ನೆನಪಿಸಿಕೊಳ್ಳಿ. ನೀರುಗಂಟಿ ತೂಬನ್ನ ಒಂದಿಷ್ಟು ಎತ್ತಿದ್ರೆ ಕಾಲುವೆ ತುಂಬಾ ನೀರು. ಆ ನೀರಿನ ಬಲ ಅವನ ತೋಳಿಂದ ಬಂದಿದ್ದಲ್ಲ, ಕೆರೆಯಿಂದ ಬಂದಿದ್ದು. ಇಲ್ಲಿ ಕೆರೆ ಅಂದ್ರೆ 9 ವೋಲ್ಟ್ ಬ್ಯಾಟರಿ, ನೀರುಗಂಟಿ ಅಂದ್ರೆ ಗಿಟಾರಿನ ಸಿಗ್ನಲ್. ಟ್ರಾನ್ಸಿಸ್ಟರಿನ ಮೂರು ಕಾಲಲ್ಲಿ ಬೇಸ್ ಅನ್ನೋದು ತೂಬಿನ ಹಿಡಿ, ಕಲೆಕ್ಟರ್‌ನಿಂದ ಎಮಿಟರ್‌ಗೆ ಹರಿಯೋ ಕರೆಂಟು ಕಾಲುವೆಯ ನೀರು.

ಇನ್ನೊಂದು ಸೂಕ್ಷ್ಮ ಇದೆ. ಗಿಟಾರಿನ ಸಿಗ್ನಲ್ ಮೇಲೂ ಹೋಗುತ್ತೆ, ಕೆಳಗೂ ಹೋಗುತ್ತೆ. ತೂಬು ಪೂರ್ತಿ ಮುಚ್ಚಿದ್ರೆ ಇನ್ನೂ ಕೆಳಗಿಳಿಸೋಕೆ ಜಾಗ ಇಲ್ಲ, ಪೂರ್ತಿ ತೆಗೆದಿದ್ರೆ ಇನ್ನೂ ಎತ್ತೋಕೆ ಜಾಗ ಇಲ್ಲ. ಹಾಗಾಗಿ ಸಿಗ್ನಲ್ ಬರೋ ಮೊದಲೇ ತೂಬನ್ನ ಅರ್ಧ ಎತ್ತಿ ನಿಲ್ಲಿಸಿರಬೇಕು. ಇದಕ್ಕೆ ಬಯಾಸ್ ಅಂತಾರೆ. ನಮ್ಮ ಸರ್ಕ್ಯೂಟಿನಲ್ಲಿ ಎರಡು ರೆಸಿಸ್ಟರ್‌ಗಳಿಗೆ ಇದೇ ಕೆಲಸ. ಈ 'ಅರ್ಧ ತೂಬು' ಮರೀಬೇಡಿ, ಮಲ್ಟಿಮೀಟರ್ ಹಿಡಿದಾಗ ಮತ್ತೆ ಬೇಕಾಗುತ್ತೆ.

ಎಂಟು ಜಂಕ್ಷನ್

ಸರ್ಕ್ಯೂಟಿನ ಚಿತ್ರ ನೋಡಿ ಹೆದರೋರು ಅದನ್ನ ನಕ್ಷೆ ಅಂದ್ಕೊಂಡಿರ್ತಾರೆ. ಯಾವ ಭಾಗ ಎಲ್ಲಿ ಕೂರಬೇಕು ಅಂತ ಅದು ಹೇಳ್ತಿದೆ ಅಂತ. ಅಲ್ಲ. ಯಾರಿಗೆ ಯಾರು ಅಂಟಿಕೊಂಡಿದ್ದಾರೆ ಅಂತ ಮಾತ್ರ ಹೇಳುತ್ತೆ. ಮನೆತನದ ವಂಶವೃಕ್ಷದಲ್ಲಿ ಯಾರು ಯಾರ ಮಗ ಅಂತ ಇರುತ್ತೆ, ಯಾರ ಮನೆ ಯಾವ ಬೀದೀಲಿ ಅಂತ ಇರಲ್ಲ, ಹಾಗೆ. ಆದ್ದರಿಂದಲೇ ಇದನ್ನ ಬಾಯಲ್ಲಿ ಹೇಳೋಕೆ ಆಗುತ್ತೆ.

ಕಾಲುಗಳು ಬಂದು ಸೇರೋ ಪ್ರತಿ ಜಾಗವನ್ನೂ ಒಂದು ಜಂಕ್ಷನ್ ಅನ್ನೋಣ. ನಮ್ಮ ಬೂಸ್ಟರಿನಲ್ಲಿ ಅಂಥವು ಎಂಟೇ ಎಂಟು. ಬರ್ಕೊಳ್ಳಿ.

ಒಂದನೇದು ಒಳಬಾಗಿಲು: ಇನ್‌ಪುಟ್ ಸಾಕೆಟ್ಟಿನ ಟಿಪ್ ಮತ್ತು ಮೊದಲ ಕೆಪಾಸಿಟರಿನ ಒಂದು ಕಾಲು. ಎರಡನೇದು ಬೇಸ್, ಇದು ಅರಸೀಕೆರೆ ಥರ ದೊಡ್ಡ ಜಂಕ್ಷನ್. ಮೊದಲ ಕೆಪಾಸಿಟರಿನ ಇನ್ನೊಂದು ಕಾಲು, 470ಕೆ ರೆಸಿಸ್ಟರಿನ ಒಂದು ಕಾಲು, 47ಕೆ ರೆಸಿಸ್ಟರಿನ ಒಂದು ಕಾಲು, ಟ್ರಾನ್ಸಿಸ್ಟರಿನ ಬೇಸ್, ನಾಲ್ಕೂ ಇಲ್ಲಿ. ಮೂರನೇದು ಎಮಿಟರ್: ಅದರ ಜತೆ 390 ಓಮ್ ರೆಸಿಸ್ಟರಿನ ಒಂದು ಕಾಲು. ನಾಲ್ಕನೇದು ಕಲೆಕ್ಟರ್: ಅದರ ಜತೆ 10ಕೆ ರೆಸಿಸ್ಟರ್ ಮತ್ತು ಎರಡನೇ ಕೆಪಾಸಿಟರ್. ಐದನೇದು ಪ್ಲಸ್ 9 ವೋಲ್ಟ್: 470ಕೆ ಮತ್ತು 10ಕೆ ರೆಸಿಸ್ಟರ್‌ಗಳ ಉಳಿದ ಕಾಲುಗಳು, ಬ್ಯಾಟರಿಯ ಕೆಂಪು ತಂತಿ. ಆರನೇದು ಗ್ರೌಂಡ್: 47ಕೆ ಮತ್ತು 390 ಓಮಿನ ಉಳಿದ ಕಾಲುಗಳು, ವಾಲ್ಯೂಮ್ ಪಾಟ್‌ನ 1ನೇ ಕಾಲು, ಎರಡೂ ಸಾಕೆಟ್ಟಿನ ಸ್ಲೀವ್. ಏಳನೇದು ಎರಡನೇ ಕೆಪಾಸಿಟರಿನ ಆಚೆ ಕಾಲು ಮತ್ತು ಪಾಟ್‌ನ 3ನೇ ಕಾಲು. ಎಂಟನೇದು ಹೊರಬಾಗಿಲು: ಪಾಟ್‌ನ ನಡುಗಾಲು ಮತ್ತು ಔಟ್‌ಪುಟ್ ಸಾಕೆಟ್ಟಿನ ಟಿಪ್.

ಸರ್ಕ್ಯೂಟ್ ಮುಗೀತು. ಇನ್ನೇನೂ ಬಾಕಿ ಇಲ್ಲ.

ಹಳಬರು ಗಮನಿಸಿರಬಹುದು, ಮೂಲ ಎಲ್‌ಪಿಬಿ-1ರಲ್ಲಿ ಇರೋದು 430ಕೆ ಮತ್ತು 43ಕೆ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗೋದು 470ಕೆ, 47ಕೆ. ಪರವಾಗಿಲ್ಲ. ತೂಬು ಎಷ್ಟು ಎತ್ತಬೇಕು ಅಂತ ನಿರ್ಧರಿಸೋದು ಆ ಎರಡರ ಅನುಪಾತ. ಎರಡೂ ಜೋಡಿಯಲ್ಲಿ ಕೆಳಗಿನ ರೆಸಿಸ್ಟರ್ ಒಟ್ಟು ಮೊತ್ತದ ಹನ್ನೊಂದನೇ ಒಂದು ಭಾಗ. 9 ವೋಲ್ಟಿನ ಹನ್ನೊಂದನೇ ಒಂದು ಭಾಗ ಅಂದ್ರೆ ಸುಮಾರು 0.8 ವೋಲ್ಟ್, ಅದೇ ಬೇಸಿಗೆ ಹೋಗುತ್ತೆ. ಇನ್ನು ಎಷ್ಟು ಪಟ್ಟು ದೊಡ್ಡದಾಗಬೇಕು ಅನ್ನೋದು 10ಕೆ ಮತ್ತು 390ರ ಕೈಯಲ್ಲಿದೆ. 10,000 ಭಾಗಿಸು 390, ಹತ್ತಿರ ಹತ್ತಿರ 25. ಟ್ರಾನ್ಸಿಸ್ಟರಿನ ಒಳಗಿನ ಅಡೆತಡೆ, ಪಾಟ್ ಎಳೆಯೋದು ಎಲ್ಲ ಕಳೆದ್ರೆ ಕೈಗೆ ಸಿಗೋದು ಇಪ್ಪತ್ತು.

ಅಂಗಡಿಯಲ್ಲಿ ಏನಂತ ಕೇಳೋದು?

ಬೆಂಗಳೂರಲ್ಲಿರೋರಿಗೆ ಎಸ್‌ಪಿ ರಸ್ತೆ ಇದ್ದೇ ಇದೆ. ಬೇರೆ ಊರುಗಳಲ್ಲಿ ಟಿವಿ, ಮಿಕ್ಸಿ ರಿಪೇರಿ ಸಾಮಾನು ಮಾರೋ ಅಂಗಡಿ ಹುಡುಕಿ, ಎಂಜಿನಿಯರಿಂಗ್ ಕಾಲೇಜಿನ ಆಸುಪಾಸಲ್ಲಿ ಖಂಡಿತ ಒಂದಿರುತ್ತೆ. ಅಲ್ಲಿ ಹೋಗಿ 'ಪರ್ಫ್‌ಬೋರ್ಡ್ ಕೊಡಿ' ಅಂದ್ರೆ ಮುಖಮುಖ ನೋಡಬಹುದು. 'ಝೀರೋ ಪಿಸಿಬಿ' ಅನ್ನಿ, ಇಲ್ಲಾ 'ಡಾಟ್ ಬೋರ್ಡ್' ಅನ್ನಿ, ತಕ್ಷಣ ಸಿಗುತ್ತೆ. ತುಂಬಾ ತೂತುಗಳಿರೋ ಹಲಗೆ, ಒಂದೊಂದು ತೂತಿನ ಸುತ್ತ ತಾಮ್ರದ ಬಳೆ, ಬಳೆಗೂ ಬಳೆಗೂ ಸಂಬಂಧ ಇಲ್ಲ, ತೂತಿಂದ ತೂತಿಗೆ 2.54 ಮಿಲಿಮೀಟರ್. ತಾಮ್ರ ಪಟ್ಟೆಪಟ್ಟೆಯಾಗಿರೋ ಬೋರ್ಡೂ ಬರುತ್ತೆ, ಇದಕ್ಕೆ ಅದು ಬೇಡ. ಗಿಟಾರ್ ಕೇಬಲ್ ಹೋಗೋ ಸಾಕೆಟ್ಟಿಗೆ 'ಪಿ-38' ಅಂತಾರೆ: ಒಂದು ಮೋನೊ, ಒಂದು ಸ್ಟೀರಿಯೊ ತಗೊಳ್ಳಿ. ಸ್ಟೀರಿಯೊ ಯಾಕೆ ಅಂತ ಆಮೇಲೆ ಹೇಳ್ತೀನಿ.

ಟ್ರಾನ್ಸಿಸ್ಟರ್ ಬಿಸಿ 547, ನಮ್ಮಲ್ಲಿ ಎಲ್ಲೆಲ್ಲೂ ಸಿಗೋದು. ಕೆಪಾಸಿಟರ್ 0.1 ಮೈಕ್ರೊಫ್ಯಾರಡ್ ಎರಡು, ಮೇಲೆ 104 ಅಂತ ಬರೆದಿರುತ್ತೆ: 10ರ ಮುಂದೆ ನಾಲ್ಕು ಸೊನ್ನೆ, ಅಷ್ಟು ಪಿಕೊಫ್ಯಾರಡ್. ಪಾಟ್ 100ಕೆ. ಎ ಅಂತ ಇದ್ರೆ ಕಿವಿಗೆ ಹಿತ, ಬಿ ಸಿಕ್ರೂ ಕೆಲಸ ನಡೆಯುತ್ತೆ. ಡಯೋಡ್ 1ಎನ್ 5817 ಒಂದು, ಬ್ಯಾಟರಿ ಸ್ನ್ಯಾಪ್ ಒಂದು. ರೆಸಿಸ್ಟರ್ ಎಲ್ಲ ಕಾಲು ವ್ಯಾಟಿನವು. ಬಣ್ಣದ ಪಟ್ಟಿ ಓದೋಕೆ ಬಂದ್ರೂ ಪ್ರತಿಯೊಂದನ್ನೂ ಮಲ್ಟಿಮೀಟರಲ್ಲಿ ಅಳೆದೇ ಹಾಕಿ. 47ಕೆ ಹಳದಿ, ನೇರಳೆ, ಕಿತ್ತಳೆ. 470ಕೆ ಹಳದಿ, ನೇರಳೆ, ಹಳದಿ. ರಾತ್ರಿ ಎಲ್‌ಇಡಿ ದೀಪದ ಕೆಳಗೆ ಕಿತ್ತಳೆ ಯಾವುದು, ಹಳದಿ ಯಾವುದು ಅಂತ ನಾನಂತೂ ಕಣ್ಣನ್ನ ನಂಬಲ್ಲ.

ಕಾಲಲ್ಲಿ ಒತ್ತೋ ಒಂಬತ್ತು ಕಾಲಿನ ಫುಟ್‌ಸ್ವಿಚ್ ಬಿಟ್ಟುಬಿಡಿ, ಮೊದಲ ಸಲಕ್ಕೆ ಅದು ಬೇಡ. ಅದರ ವೈರಿಂಗ್ ಈ ಇಡೀ ಸರ್ಕ್ಯೂಟಿಗಿಂತ ಗೋಜಲು. ಸದ್ದು ಬಂದ ಮೇಲೆ ಸೇರಿಸಿದ್ರಾಯ್ತು.

ಬೋರ್ಡಿನ ಮೇಲೆ

ಉದ್ದಕ್ಕೆ 14 ತೂತು, ಎತ್ತರಕ್ಕೆ 10 ತೂತು ಬರೋ ಹಾಗೆ ಬೋರ್ಡ್ ಕತ್ತರಿಸ್ಕೊಳ್ಳಿ. ಕತ್ತರಿಸೋ ಗೆರೆ ತೂತುಗಳ ಮೇಲೇ ಹಾದುಹೋಗಲಿ, ಬ್ಲೇಡಲ್ಲಿ ಎರಡೂ ಕಡೆ ಗೀರಿ ಮುರಿದ್ರೆ ನೀಟಾಗಿ ಬರುತ್ತೆ. ತಾಮ್ರ ಇಲ್ಲದ ಮುಖ ನಿಮ್ಮ ಕಡೆ ಇರಲಿ. ಮೇಲಿನ ಸಾಲು ಪ್ಲಸ್, ಕೆಳಗಿನ ಸಾಲು ಗ್ರೌಂಡ್. ಎಡಕ್ಕೆ ಇನ್‌ಪುಟ್, ಬಲಕ್ಕೆ ಔಟ್‌ಪುಟ್.

ಈಗ ಟ್ರಾನ್ಸಿಸ್ಟರ್. ಬಿಸಿ 547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಹಿಡಿದ್ರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂತರ್ಜಾಲದಲ್ಲಿ ಸಿಗೋ ಪೆಡಲ್ ಚಿತ್ರಗಳಲ್ಲಿ ಹೆಚ್ಚಾಗಿ 2ಎನ್ 5088 ಅಥವಾ 2ಎನ್ 3904 ಇರುತ್ತೆ. ಅವುಗಳಲ್ಲಿ ಕ್ರಮ ಪೂರ್ತಿ ಉಲ್ಟಾ: ಎಮಿಟರ್, ಬೇಸ್, ಕಲೆಕ್ಟರ್. ನೋಡೋಕೆ ಮೂರೂ ಒಂದೇ ಥರ. ಅಮೆರಿಕದ ಚಿತ್ರ ಇಟ್ಕೊಂಡು ನಮ್ಮೂರ ಟ್ರಾನ್ಸಿಸ್ಟರ್ ಹಾಕಿದ್ರೆ ಏನಾಗುತ್ತೆ ಅಂತ ಗೊತ್ತಾಯ್ತಲ್ಲ?

ನಮ್ಮ ಬೋರ್ಡಿಗೆ ಚಪ್ಪಟೆ ಮುಖ ಮೇಲಕ್ಕೆ, ಅಂದ್ರೆ ಪ್ಲಸ್ ಸಾಲಿನ ಕಡೆ ತಿರುಗಿಸಿ. ಆಗ ಎಡಕ್ಕೆ ಎಮಿಟರ್, ಬಲಕ್ಕೆ ಕಲೆಕ್ಟರ್ ಬರುತ್ತೆ. ಮೇಲಿನಿಂದ ಎಣಿಸಿ 6ನೇ ಸಾಲಿನಲ್ಲಿ, ಎಡದಿಂದ 7ನೇ ತೂತಿಗೆ ಎಮಿಟರ್, 9ನೇದಕ್ಕೆ ಕಲೆಕ್ಟರ್. ಬೇಸನ್ನ ಸ್ವಲ್ಪ ಬಾಗಿಸಿ ಒಂದು ಸಾಲು ಮೇಲೆ, 5ನೇ ಸಾಲಿನ 8ನೇ ತೂತಿಗೆ ಹಾಕಿ. ಆ 5ನೇ ಸಾಲಿನಲ್ಲಿ 4ರಿಂದ 8ನೇ ತೂತಿನವರೆಗೆ ಬೇಸ್ ಜಂಕ್ಷನ್. ಅದರ ಎಡತುದಿಗೆ ಮೊದಲ ಕೆಪಾಸಿಟರ್, 5ನೇ ತೂತಿಂದ 47ಕೆ ಕೆಳಗೆ ಗ್ರೌಂಡಿಗೆ, 6ನೇ ತೂತಿಂದ 470ಕೆ ಮೇಲೆ ಪ್ಲಸ್ಸಿಗೆ. ಎಮಿಟರ್‌ನಿಂದ 390 ಓಮ್ ನೇರ ಕೆಳಗೆ, ಕಲೆಕ್ಟರ್‌ನಿಂದ 10ಕೆ ನೇರ ಮೇಲೆ. ಕಲೆಕ್ಟರಿನ ಪಕ್ಕದ 10ನೇ ತೂತಿಂದ ಎರಡನೇ ಕೆಪಾಸಿಟರ್ ಬಲಕ್ಕೆ. ಹಾಳೆ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದು ನೋಡಿ, ಚುಕ್ಕಿ ರಂಗೋಲಿ ಥರ. ಒಂದು ಗೆರೆಯೂ ಇನ್ನೊಂದನ್ನ ದಾಟಲ್ಲ.

ಎಚ್ಚರ ಬೇಕಾಗೋದು ಬೋರ್ಡ್ ತಿರುಗಿಸಿದಾಗ. ಬೆಸುಗೆ ಹಾಕೋದು ಹಿಂಬದಿಯಲ್ಲಿ, ಅಲ್ಲಿ ಎಡ ಬಲ ಅದಲುಬದಲು. ಅದಕ್ಕೆ ಮೊದಲೇ ಎರಡೂ ಮುಖದ ಮೇಲೆ ಮಾರ್ಕರಲ್ಲಿ 'ಇನ್', 'ಔಟ್', 'ಪ್ಲಸ್', 'ಗ್ರೌಂಡ್' ಅಂತ ಬರೀರಿ. ಫೋನಲ್ಲಿ ಮುಂಬದಿಯ ಫೋಟೊ ತೆಗೆದು ಎಡಿಟ್‌ನಲ್ಲಿ ಮಿರರ್ ಮಾಡಿ ಪಕ್ಕದಲ್ಲಿಟ್ಕೊಂಡ್ರೆ ಇನ್ನೂ ಸಲೀಸು.

ರೆಸಿಸ್ಟರಿನ ಕಾಲುಗಳನ್ನ ಬೇಗ ಕತ್ತರಿಸಬೇಡಿ. ಹಿಂಬದಿಯಲ್ಲಿ ಅವನ್ನೇ ಬಳೆಗಳ ಮೇಲೆ ಮಲಗಿಸಿ ಪಕ್ಕದವರಿಗೆ ಮುಟ್ಟಿಸಿದ್ರೆ ಬೇರೆ ತಂತಿ ಬೇಕಾಗಲ್ಲ. ಕತ್ತರಿಸಿದ ತುಂಡುಗಳು ಪ್ಲಸ್ ಮತ್ತು ಗ್ರೌಂಡ್ ಸಾಲು ಹಾಸೋಕೆ ಬರುತ್ತೆ.

ಬೆಸುಗೆ ಬಗ್ಗೆ ಎರಡೇ ಮಾತು. 25 ವ್ಯಾಟ್ ಐರನ್ ಸಾಕು. ಐರನ್ ತುದಿ ಕಾಲನ್ನೂ ಬಳೆಯನ್ನೂ ಒಟ್ಟಿಗೆ ಮುಟ್ಟಬೇಕು, ಎರಡು ಸೆಕೆಂಡ್ ಕಾಯಬೇಕು, ಆಮೇಲೆ ಸೋಲ್ಡರ್ ವೈರನ್ನ ಐರನ್‌ಗಲ್ಲ, ಕಾಲಿಗೆ ತಾಗಿಸಬೇಕು. ಚೆನ್ನಾಗಿ ಬಂದ ಬೆಸುಗೆ ಪುಟ್ಟ ಗುಡ್ಡದ ಹಾಗೆ ಕಾಲನ್ನ ಅಪ್ಪಿಕೊಂಡು ಹೊಳೆಯುತ್ತೆ. ಮಸುಕಾಗಿ ಉಂಡೆ ಕಟ್ಟಿ ಕೂತಿದ್ರೆ ರಿಪೇರಿಯವರು 'ಡ್ರೈ ಸೋಲ್ಡರ್' ಅಂತಾರಲ್ಲ, ಅದೇ. ಇನ್ನೊಂದು ಸಲ ಬಿಸಿ ಮಾಡಿ. ಟ್ರಾನ್ಸಿಸ್ಟರ್ ಕೊನೆಗೆ ಹಾಕಿ, ಕಾಲಿಂದ ಕಾಲಿಗೆ ತಣ್ಣಗಾಗೋಕೆ ಬಿಡಿ. ಹೊಗೆ ಮೂಗಿಗೆ ಬರದ ಹಾಗೆ ಕಿಟಕಿ ತೆಗೆದಿರಿ. ಸೋಲ್ಡರ್‌ನಲ್ಲಿ ಸೀಸ ಇರುತ್ತೆ, ಕೈ ತೊಳೆದೇ ತಿಂಡಿ ಮುಟ್ಟಿ.

ಇನ್ನು ಹೊರಗಿನ ತಂತಿಗಳು. ಪಾಟ್‌ನ ಗುಬುಟು ನಿಮ್ಮ ಕಡೆ, ಕಾಲು ಕೆಳಗೆ ಇದ್ದಾಗ ಎಡಗಡೆಯದು 1, ಬಲಗಡೆಯದು 3. ಹಿಂದಿನಿಂದ ಬೆಸುಗೆ ಹಾಕೋವಾಗ ಇದೂ ಉಲ್ಟಾ ಕಾಣುತ್ತೆ. ಬ್ಯಾಟರಿಯ ಕೆಂಪು ತಂತಿಯ ದಾರಿಯಲ್ಲಿ ಡಯೋಡ್, ಅದರ ಪಟ್ಟಿ ಇರೋ ತುದಿ ಬೋರ್ಡಿನ ಕಡೆ. ಕತ್ತಲಲ್ಲಿ ಬ್ಯಾಟರಿ ತಿರುಗುಮುರುಗಾಗಿ ತಾಗಿದ್ರೆ ಕರೆಂಟು ಒಳಗೆ ನುಗ್ಗದಂತೆ ಇದು ತಡೆಯುತ್ತೆ.

ಕಪ್ಪು ತಂತಿಯನ್ನ ನೇರ ಗ್ರೌಂಡಿಗೆ ಹಾಕಲ್ಲ. ಸ್ಟೀರಿಯೊ ಸಾಕೆಟ್ ಬಂದಿದ್ದು ಇದಕ್ಕೇ. ಅದನ್ನ ಇನ್‌ಪುಟ್ ಕಡೆ ಇಡಿ. ಟಿಪ್ ನಮ್ಮ ಒಂದನೇ ಜಂಕ್ಷನ್ನಿಗೆ, ಸ್ಲೀವ್ ಗ್ರೌಂಡಿಗೆ, ನಡುವಿನ ರಿಂಗ್‌ಗೆ ಬ್ಯಾಟರಿಯ ಕಪ್ಪು ತಂತಿ. ಗಿಟಾರ್ ಕೇಬಲಿನ ಪಿನ್ ಮೋನೊ, ಅದು ಒಳಗೆ ಹೋದ ಕೂಡಲೇ ರಿಂಗ್ ಮತ್ತು ಸ್ಲೀವ್ ಒಂದಾಗುತ್ತೆ, ಬ್ಯಾಟರಿ ಚಾಲೂ. ಕೇಬಲ್ ಕಿತ್ತರೆ ಬಂದ್. ಬೇರೆ ಸ್ವಿಚ್ಚೇ ಬೇಡ. ಈ ಸರ್ಕ್ಯೂಟ್ ಎಳೆಯೋದು ಅರ್ಧ ಮಿಲಿಆಂಪಿಯರ್ ಆಸುಪಾಸು, ಕೇಬಲ್ ಕಿತ್ತಿಡೋ ಅಭ್ಯಾಸ ಇದ್ರೆ ಒಂದು ಬ್ಯಾಟರಿ ತಿಂಗಳುಗಟ್ಟಲೆ ಬರುತ್ತೆ.

ಸದ್ದು ಬರಲಿಲ್ಲ. ಈಗ?

ಬ್ಯಾಟರಿ ಸಿಕ್ಕಿಸೋ ಮುಂಚೆಯೇ ಮಲ್ಟಿಮೀಟರನ್ನ ಬೀಪ್ ಮೋಡ್‌ಗೆ ಹಾಕಿ ಪ್ಲಸ್ ಸಾಲು ಮತ್ತು ಗ್ರೌಂಡ್ ಸಾಲನ್ನ ಮುಟ್ಟಿ. ಬೀಪ್ ಬಂದ್ರೆ ಎಲ್ಲೋ ಎರಡು ಬೆಸುಗೆ ಅಂಟಿಕೊಂಡಿವೆ, ಮೊದಲು ಅದನ್ನ ಬಿಡಿಸಿ. ಬೀಪ್ ಇಲ್ಲ ಅಂದ್ರೆ ಬ್ಯಾಟರಿ ಹಾಕಿ, ಇನ್‌ಪುಟ್ಟಿಗೆ ಕೇಬಲ್ ಚುಚ್ಚಿ, ಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿಯಿಂದ ಒಂದೊಂದೇ ಜಂಕ್ಷನ್ ಮುಟ್ಟಿ.

ಪ್ಲಸ್ ಸಾಲಲ್ಲಿ 9 ವೋಲ್ಟಿನ ಹತ್ತಿರ ಇರಬೇಕು. ಬೇಸಲ್ಲಿ 0.7ರಿಂದ 0.8. ಎಮಿಟರಲ್ಲಿ 0.1ರಿಂದ 0.2. ಬೇಸಿಗೂ ಎಮಿಟರಿಗೂ ಸುಮಾರು 0.6 ವೋಲ್ಟ್ ವ್ಯತ್ಯಾಸ ಇದ್ರೆ ಟ್ರಾನ್ಸಿಸ್ಟರ್ ಎಚ್ಚರವಾಗಿದೆ. ಈಗ ಮುಖ್ಯವಾದದ್ದು, ಕಲೆಕ್ಟರ್. 4ರಿಂದ 6 ವೋಲ್ಟಿನ ನಡುವೆ ಎಲ್ಲಿದ್ರೂ ಸರಿ. ಹೇಳಿದ್ನಲ್ಲ, ಅರ್ಧ ಎತ್ತಿದ ತೂಬು, ಅದು ಇದೇ.

ಕಲೆಕ್ಟರಲ್ಲಿ 9 ವೋಲ್ಟಿನ ಹತ್ತಿರ ತೋರಿಸಿದ್ರೆ ತೂಬು ಮುಚ್ಚಿದೆ. ಟ್ರಾನ್ಸಿಸ್ಟರ್ ತಿರುಗುಮುರುಗಾಗಿರಬಹುದು, 470ಕೆ ಕಡೆ ಬೆಸುಗೆ ಹಿಡಿದಿಲ್ಲದಿರಬಹುದು, ಇಲ್ಲಾ 390 ಓಮ್ ಗ್ರೌಂಡನ್ನ ಮುಟ್ಟಿಲ್ಲ. ಅರ್ಧ ವೋಲ್ಟೋ ಅದಕ್ಕೂ ಕಮ್ಮಿಯೋ ತೋರಿಸಿದ್ರೆ ತೂಬು ಪೂರ್ತಿ ತೆರೆದಿದೆ. 47ಕೆ ಕಡೆ ಬೆಸುಗೆ ಬಿಟ್ಟಿದೆ, ಇಲ್ಲಾ 47ಕೆ ಇರಬೇಕಾದ ಜಾಗದಲ್ಲಿ 470ಕೆ ಕೂತಿದೆ. ನೋಡಿ, ಒಂದೇ ಸಂಖ್ಯೆ ನಿಮ್ಮನ್ನ ಹನ್ನೆರಡು ಬೆಸುಗೆಯಿಂದ ಮೂರಕ್ಕೆ ತಂದು ನಿಲ್ಲಿಸ್ತು.

ವೋಲ್ಟೇಜ್ ಎಲ್ಲ ಸರಿ, ಆದ್ರೂ ಸದ್ದಿಲ್ಲ? ಹಾಗಾದ್ರೆ ಸಿಗ್ನಲ್ಲಿನ ಹಿಂದೆ ನಡೆದುಕೊಂಡು ಹೋಗಬೇಕು. ಒಂದು ಹಳೇ ಗಿಟಾರ್ ಕೇಬಲಿನ ಒಂದು ತುದಿ ಕತ್ತರಿಸಿ. ಒಳತಂತಿಗೆ ಒಂದು 104 ಕೆಪಾಸಿಟರ್ ಬೆಸೆದು ಅದರ ಇನ್ನೊಂದು ಕಾಲನ್ನ ಕಡ್ಡಿಯಾಗಿ ಬಿಡಿ. ಹೊರಜಾಲರಿಯನ್ನ ಬೋರ್ಡಿನ ಗ್ರೌಂಡಿಗೆ ಕಟ್ಟಿ. ಕೇಬಲಿನ ಇನ್ನೊಂದು ತುದಿ ಆ್ಯಂಪಿಗೆ, ಆ್ಯಂಪಿನ ವಾಲ್ಯೂಮ್ ತೀರಾ ಕಮ್ಮಿ. ಇದು ಡಾಕ್ಟರ ಸ್ಟೆತಸ್ಕೋಪ್ ಇದ್ದ ಹಾಗೆ. ಇನ್‌ಪುಟ್ಟಿಗೆ ಗಿಟಾರ್ ಹಾಕಿ ಯಾರಾದ್ರೂ ತಂತಿ ಮೀಟ್ತಾ ಇರಲಿ, ನೀವು ಕಡ್ಡಿಯಿಂದ ಮುಟ್ಟುತ್ತಾ ಹೋಗಿ. ಒಳಬಾಗಿಲಲ್ಲಿ ಗಿಟಾರ್ ಕೇಳಬೇಕು. ಬೇಸಲ್ಲಿ ಅಷ್ಟೇ ಸದ್ದು. ಕಲೆಕ್ಟರಲ್ಲಿ ಒಮ್ಮೆಗೇ ಜೋರು, ಬೆಚ್ಚಿಬೀಳಬೇಡಿ. ಎರಡನೇ ಕೆಪಾಸಿಟರಿನ ಆಚೆ ಅಷ್ಟೇ ಜೋರು. ಪಾಟ್‌ನ ನಡುಗಾಲಲ್ಲಿ ಗುಬುಟು ತಿರುಗಿಸಿದ ಹಾಗೆ ಏರಿಳಿತ. ಎಲ್ಲಿ ಸದ್ದು ನಿಲ್ಲುತ್ತೋ ತಪ್ಪು ಅಲ್ಲಿಗೂ ಅದರ ಹಿಂದಿನ ಜಂಕ್ಷನ್ನಿಗೂ ಮಧ್ಯೆ ಇದೆ.

ಈ ಕಡ್ಡಿಯನ್ನ 9 ವೋಲ್ಟ್ ಪೆಡಲ್‌ಗಳಿಗೆ ಮಾತ್ರ ಬಳಸಿ. ವಾಲ್ವ್ ಆ್ಯಂಪ್ಲಿಫೈಯರ್ ಬಿಚ್ಚಿ ಒಳಗೆ ಇದನ್ನ ಇಟ್ಟೀರಾ ಜೋಕೆ. ಅಲ್ಲಿರೋದು ನೂರಾರು ವೋಲ್ಟು, ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ಉಳಿದಿರುತ್ತೆ.

ಸದ್ದೇನೋ ಬಂತು, ಜತೆಗೆ ಗುಂಯ್ ಅಂತಿದೆ ಅಂದ್ರೆ ಹೆಚ್ಚಾಗಿ ಡಬ್ಬಿ ಇಲ್ಲದ್ದೇ ಕಾರಣ. ಮನೆಯ ವೈರಿಂಗ್, ಟ್ಯೂಬ್‌ಲೈಟ್, ಫೋನ್ ಚಾರ್ಜರ್ ಎಲ್ಲದರ ಗದ್ದಲ ಬರಿಮೈ ಬೋರ್ಡಿಗೆ ಅಂಟುತ್ತೆ. ಲೋಹದ ಡಬ್ಬಿಯೊಳಗಿಟ್ಟು ಡಬ್ಬಿಯನ್ನ ಗ್ರೌಂಡಿಗೆ ಸೇರಿಸಿದ್ರೆ ಬಹುಪಾಲು ಅಡಗುತ್ತೆ. ಅಲ್ಯೂಮಿನಿಯಂ ಬಾಕ್ಸ್ ಚೆಂದ, ಆದ್ರೆ ಮೇಜಿನ ಮೇಲಿಡೋ ಬೂಸ್ಟರಿಗೆ ತಗಡಿನ ಬಿಸ್ಕತ್ ಡಬ್ಬಿಯೂ ಸಾಕು. ಸಾಕೆಟ್ಟಿನ ನಟ್ಟು ಕೂರೋ ಕಡೆ ಬಣ್ಣ ಕೆರೆದು ಲೋಹ ಕಾಣಿಸೋ ಹಾಗೆ ಮಾಡಿ, ಬೋರ್ಡಿನ ಹಿಂಬದಿ ತಗಡಿಗೆ ತಾಗದ ಹಾಗೆ ರಟ್ಟು ಇಡಿ. ಪ್ಲಾಸ್ಟಿಕ್ ಡಬ್ಬಿಗೆ ಈ ಗುಣ ಇಲ್ಲ.

ಬ್ಯಾಟರಿ ಬದಲು ಅಡಾಪ್ಟರ್ ಬಳಸ್ತೀರಾದ್ರೆ ನಿಧಾನ. ಗಿಟಾರ್ ಪೆಡಲ್ ಲೋಕದ ವಾಡಿಕೆ ಅಂದ್ರೆ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಮನೇಲಿ ಬಿದ್ದಿರೋ ವೈಫೈ ರೂಟರಿನ ಅಡಾಪ್ಟರ್ ಸಾಮಾನ್ಯವಾಗಿ ನಡುವೆ ಪ್ಲಸ್, ಅದೂ ಎಷ್ಟೋ ಸಲ 12 ವೋಲ್ಟ್. ಅಡಾಪ್ಟರ್ ಮೇಲಿರೋ ಪುಟ್ಟ ವೃತ್ತದ ಗುರುತು ನೋಡದೆ ಚುಚ್ಚಬೇಡಿ. ಪ್ಲಸ್ ಮತ್ತು ಗ್ರೌಂಡ್ ನಡುವೆ 100 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಂದನ್ನ ಸೇರಿಸಿ, ಅದರ ಮೈಮೇಲೆ ಮೈನಸ್ ಪಟ್ಟಿ ಇರೋ ಕಾಲು ಗ್ರೌಂಡಿಗೆ.

ಎಲ್ಲ ಕೆಲಸ ಮಾಡ್ತಿದೆ ಅಂದ್ಮೇಲೆ ಒಂದು ಆಟ ಬಾಕಿ ಇದೆ. ಮೊದಲ ಕೆಪಾಸಿಟರ್ ತೆಗೆದು 103 ಹಾಕಿ ಕೇಳಿ, ಹತ್ತನೇ ಒಂದು ಭಾಗದ ಕೆಪಾಸಿಟರ್. ಈ ಸರ್ಕ್ಯೂಟಿನ ಒಳಬಾಗಿಲ ತಡೆ ಸುಮಾರು 30 ಕಿಲೊಓಮ್. 104 ಇದ್ದಾಗ ಸುಮಾರು 50 ಹರ್ಟ್ಜ್‌ನಿಂದ ಮೇಲಿನದೆಲ್ಲ ಒಳಗೆ ಬರ್ತಿತ್ತು, ಗಿಟಾರಿನ ಅತಿ ದಪ್ಪ ತಂತಿಯ 82 ಹರ್ಟ್ಜ್ ಸೇರಿ. 103 ಹಾಕಿದ್ರೆ ಆ ಗೆರೆ 500 ಹರ್ಟ್ಜ್‌ಗೆ ಏರುತ್ತೆ. ದಪ್ಪ ಸದ್ದು ತೆಳ್ಳಗಾಗುತ್ತೆ, ಸೋಲೋ ನುಡಿಸುವಾಗ ಡ್ರಮ್ಮು ಬೇಸುಗಳ ನಡುವಿನಿಂದ ಚುರುಕಾಗಿ ಎದ್ದು ಕೇಳುತ್ತೆ. ಟ್ರೆಬಲ್ ಬೂಸ್ಟರ್ ಅಂತ ಬೇರೆ ಹೆಸರಲ್ಲಿ ಮಾರೋ ಪೆಡಲ್‌ಗಳ ಹಿಂದಿರೋ ಉಪಾಯ ಇದೇನೇ.

ಎರಡೂ ಬೇಕು ಅನ್ಸಿದ್ರೆ 103 ಅನ್ನ ಬೋರ್ಡಿನ ಮೇಲೇ ಬಿಡಿ. ಅದರ ಎರಡು ಕಾಲಿಗೆ ಎರಡು ತಂತಿ ತೆಗೆದು, 104 ಅನ್ನ ಒಂದು ಪುಟ್ಟ ಟಾಗಲ್ ಸ್ವಿಚ್ ಮೂಲಕ ಅಡ್ಡಲಾಗಿ ಸೇರಿಸಿ. ಸ್ವಿಚ್ ಹಾಕಿದಾಗ ದಪ್ಪ, ತೆಗೆದಾಗ ತೆಳು. ಬದಲಿಸುವಾಗ 'ಟಪ್' ಅನ್ನುತ್ತೆ, ಅದಕ್ಕೆ ಮುಂಚೆ ವಾಲ್ಯೂಮ್ ಇಳಿಸ್ಕೊಳ್ಳಿ.